ಯಾವ ಊರಿಗೆ ಹೋಗೋಣ?



ಕೆಲಸದಿಂದ ನಿವೃತ್ತರಾಗುವ ದಿನ ಹತ್ತಿರವಾದಂತೆ ಬೆಂಗಳೂರಿನ ಅನೇಕ ಕುಟುಂಬಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಇನ್ನು ಮುಂದೆ ಎಲ್ಲಿ ಇರೋಣ? ಬಾಡಿಗೆ ಏರುತ್ತಲೇ ಇದೆ. ಪಿಂಚಣಿ ಅದರ ಹಿಂದೆ ಓಡಲಾರದು. 2016ರ ಏಪ್ರಿಲ್ ತಿಂಗಳಲ್ಲಿ ನಗರದ ತಾಪಮಾನ 39.2 ಡಿಗ್ರಿ ಮುಟ್ಟಿತು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರ್ ನೀರಿಗಾಗಿ ಕಾದು ನಿಂತರು. ಆಗ ಕಣ್ಣು ಹಾಸನದ ಕಡೆಗೆ ಹೊರಳುತ್ತದೆ. ‘ಬಡವರ ಊಟಿ’ ಎಂದು ಅದಕ್ಕಿದ್ದ ಹೆಸರು ನೆನಪಾಗುತ್ತದೆ. 2017ರಿಂದ ಶ್ರವಣಬೆಳಗೊಳದ ಮೇಲೆ ನೇರ ರೈಲೂ ಇದೆ. ಹಾಸನದಲ್ಲೋ ಚನ್ನರಾಯಪಟ್ಟಣದಲ್ಲೋ ಅರಕಲಗೂಡಿನಲ್ಲೋ, ಇಲ್ಲವೆ ಹೊಳೆನರಸೀಪುರ ತಾಲೂಕಿನ ಹರದನಹಳ್ಳಿಯಂಥ ಒಂದು ಹಳ್ಳಿಯಲ್ಲೋ ಸಣ್ಣ ಮನೆ, ನಾಲ್ಕು ತೆಂಗಿನ ಮರ ಇದ್ದರೆ ಸಾಕು ಎನಿಸುತ್ತದೆ.

ಹೀಗೆ ಬಯಸುವುದು ತಪ್ಪೇ? ದೇವರು ಇಟ್ಟ ಕಡೆ ಇರಬೇಕು, ಸುಖ ಹುಡುಕಿಕೊಂಡು ಹೋಗುವುದು ಸ್ವಾರ್ಥ ಎಂದು ಹೇಳುವವರಿದ್ದಾರೆ. ಧರ್ಮಸಭೆ ಹಾಗೆ ಬೋಧಿಸಿಲ್ಲ. ಸಂತ ಥಾಮಸ್ ಅಕ್ವಿನಾಸರು 13ನೆಯ ಶತಮಾನದಲ್ಲಿ ಸೈಪ್ರಸ್ ದೇಶದ ಅರಸನಿಗಾಗಿ ರಾಜ್ಯಭಾರದ ವಿಷಯವಾಗಿ ಒಂದು ಕಿರುಗ್ರಂಥ ಬರೆದರು. ಪಟ್ಟಣ ಕಟ್ಟಲು ಎಂಥ ಸ್ಥಳವನ್ನು ಆರಿಸಬೇಕು ಎಂಬ ಚರ್ಚೆ ಅದರಲ್ಲಿದೆ. ಹವೆ ಅತಿ ಬಿಸಿಯೂ ಅತಿ ಚಳಿಯೂ ಆಗದೆ ಹಿತವಾಗಿರಬೇಕು, ಗಾಳಿ ಶುದ್ಧವಾಗಿರಬೇಕು, ಸುತ್ತಲ ನೆಲ ಜನರಿಗೆ ಸಾಕಾಗುವಷ್ಟು ಅನ್ನ ಕೊಡಬೇಕು ಎಂಬುದು ಅವರ ಅಭಿಪ್ರಾಯ. ಆದ್ದರಿಂದ ಹವೆಯನ್ನೂ ಖರ್ಚನ್ನೂ ಲೆಕ್ಕ ಹಾಕುವವನು ವಿವೇಕವೆಂಬ ಸದ್ಗುಣವನ್ನೇ ಬಳಸುತ್ತಿದ್ದಾನೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಆದರೆ ಅದೇ ಗ್ರಂಥದಲ್ಲಿ ಸಂತರು ಇನ್ನೊಂದು ಮಾತು ಸೇರಿಸುತ್ತಾರೆ. ಒಂದು ಸ್ಥಳ ಆರೋಗ್ಯಕರವೋ ಅಲ್ಲವೋ ಎಂದು ತಿಳಿಯಬೇಕಾದರೆ ಅಲ್ಲಿ ವಾಸಿಸುವವರನ್ನು ನೋಡಿರಿ; ಅವರ ಮುಖದಲ್ಲಿ ಕಳೆ ಇದೆಯೇ, ಚುರುಕಾದ ಮಕ್ಕಳು ಬಹಳ ಇದ್ದಾರೆಯೇ, ವೃದ್ಧರು ಬಹಳ ಇದ್ದಾರೆಯೇ ಎಂದು ಗಮನಿಸಿರಿ ಎನ್ನುತ್ತಾರೆ. ನಾವು ಊರು ನೋಡಲು ಹೋದಾಗ ಏನು ನೋಡುತ್ತೇವೆ? ನಿವೇಶನ ನೋಡುತ್ತೇವೆ, ಕೊಳವೆಬಾವಿಯ ಆಳ ಕೇಳುತ್ತೇವೆ, ಗುಂಟೆಗೆ ಎಷ್ಟು ಎಂದು ವಿಚಾರಿಸುತ್ತೇವೆ. ಅಲ್ಲಿಯ ಜನರ ಮುಖ ನೋಡುವುದಿಲ್ಲ.

ಜನರನ್ನು ಬಿಟ್ಟು ಬರೀ ಹವೆಯನ್ನು ನೋಡಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರೇ ಉದಾಹರಣೆ. ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಸೈನಿಕರು ಜ್ವರದಿಂದ ನರಳುತ್ತಿದ್ದುದರಿಂದ 1809ರಲ್ಲಿ ದಂಡನ್ನು ಬೆಂಗಳೂರಿಗೆ ತಂದರು. ಅಲ್ಲಿಯ ತಂಪು ಹವೆ ಅವರಿಗೆ ಹಿಡಿಸಿತು. ಆಮೇಲೆ ಬೆಂಗಳೂರು ‘ಪಿಂಚಣಿದಾರರ ಸ್ವರ್ಗ’ ಎನಿಸಿಕೊಂಡಿತು. ಹವೆ ಚೆನ್ನಾಗಿದೆ, ಖರ್ಚು ಕಡಿಮೆ ಎಂದೇ ಜನ ಬಂದರು. ಬಂದವರಿಗೆ ಜಾಗ ಬೇಕಾಯಿತು, ಕೆರೆಗಳು ಹೋದವು. ಧರ್ಮಾಂಬುಧಿ ಕೆರೆ ಇದ್ದ ಕಡೆ ಇಂದು ಬಸ್ ನಿಲ್ದಾಣ. ಸಂಪಂಗಿ ಕೆರೆ ಇದ್ದ ಕಡೆ ಕಂಠೀರವ ಕ್ರೀಡಾಂಗಣ. ಹಾಸನ ಬೆಂಗಳೂರಿಗಿಂತ ಬಹಳ ಎತ್ತರದಲ್ಲೇನೂ ಇಲ್ಲ. ಎರಡೂ ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೆ ಮೇಲ್ಪಟ್ಟು, ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ. ಎತ್ತರ ಹಾಗೆಯೇ ಉಳಿದಿದ್ದರೂ ಬೆಂಗಳೂರಿನ ತಂಪು ಹೋಯಿತು. ತಂಪನ್ನು ಹುಡುಕಿ ಬಂದವರೆಲ್ಲ ಅದನ್ನು ಅನುಭವಿಸಿದರು. ಕಾಯುವ ಹೊಣೆಯನ್ನು ಹೊತ್ತವರು ಕಡಿಮೆ. ಹವಾಮಾನ ಎಲ್ಲರಿಗೂ ಸೇರಿದ ಸಾಮಾನ್ಯ ಸ್ವತ್ತು ಎಂದು ಪೋಪ್ ಫ್ರಾನ್ಸಿಸ್ ಅವರು 2015ರ ‘ಲೌದಾತೊ ಸಿ’ ಪರಿಪತ್ರದಲ್ಲಿ ತಿಳಿಸಿದ್ದಾರೆ. ಸಾಮಾನ್ಯ ಸ್ವತ್ತನ್ನು ಬಳಸುವವನಿಗೆ ಅದನ್ನು ಕಾಯುವ ಕರ್ತವ್ಯವೂ ಇದೆ.

ಹಾಗೆ ನೋಡಿದರೆ ಹಾಸನ ಸೀಮೆಗೆಲ್ಲ ಒಂದೇ ಹವೆ ಇಲ್ಲ. ಸಕಲೇಶಪುರದ ಕಡೆ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಚನ್ನರಾಯಪಟ್ಟಣದ ಬಯಲಿನಲ್ಲಿ ಅದರ ಅರ್ಧವೂ ಇಲ್ಲ. ಡಿಸೆಂಬರಿನಲ್ಲಿ ಬಂದು ಮನಸೋತವರು ಏಪ್ರಿಲಿನಲ್ಲೂ ಒಮ್ಮೆ ಬಂದು ನೋಡುವುದು ಒಳ್ಳೆಯದು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಇನ್ನು ಖರ್ಚಿನ ಮಾತು. ಹಳ್ಳಿಯಲ್ಲಿ ಜಮೀನು ಅಗ್ಗ ಎನ್ನುತ್ತೇವೆ. ಯಾರಿಗೆ ಅಗ್ಗ? 2020ರವರೆಗೆ ಕರ್ನಾಟಕದ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಬೇಸಾಯಗಾರರಲ್ಲದವರು ಹೊಲ ಕೊಳ್ಳುವುದಕ್ಕೆ ಅಡ್ಡವಾಗಿದ್ದವು. ಆ ವರ್ಷದ ತಿದ್ದುಪಡಿಯಿಂದ ಆ ಅಡ್ಡಿ ಹೋಯಿತು. ಈಗ ಬೆಂಗಳೂರಿನಲ್ಲಿ ಒಂದು ಫ್ಲ್ಯಾಟ್ ಮಾರಿದವನಿಗೆ ಹೊಳೆನರಸೀಪುರದ ಎಕರೆ ಅಗ್ಗವಾಗಿ ಕಾಣುತ್ತದೆ. ಆದರೆ ಅದೇ ಊರಿನಲ್ಲಿ ರಾಗಿ ಬೆಳೆದು, ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕಿ ಬದುಕುವವನಿಗೆ ಅದು ಕೈಗೆಟುಕದ ಬೆಲೆ. ಪಕ್ಕದ ಹೊಲವನ್ನು ಎಂದಾದರೂ ಕೊಳ್ಳಬೇಕೆಂದಿದ್ದವನು ಸುಮ್ಮನಾಗುತ್ತಾನೆ. ನಾವು ಅಗ್ಗವೆಂದು ಕೊಂಡದ್ದೇ ಅವನಿಗೆ ತುಟ್ಟಿಯಾಗುತ್ತದೆ.

ಇಲ್ಲಿ ನೀವು ನ್ಯಾಯವಾಗಿಯೇ ಕೇಳಬಹುದು: ‘ಮಾರುವವನಿಗೂ ಹಣ ಬೇಕಲ್ಲವೇ ಸ್ವಾಮಿ? ಮಗಳ ಓದಿಗೋ ಸಾಲ ತೀರಿಸುವುದಕ್ಕೋ ಅವನು ಮಾರುತ್ತಾನೆ. ಒಳ್ಳೆಯ ಬೆಲೆ ಕೊಟ್ಟು ಕೊಂಡರೆ ಉಪಕಾರವೇ ಆಗಲಿಲ್ಲವೇ?’ ಈ ಮಾತಿನಲ್ಲಿ ಸತ್ಯವಿದೆ. ಹುರುಳಿಯೂ ಬೆಳೆಯದ ನೆಲವನ್ನು ಹಿಡಿದುಕೊಂಡೇ ಇರು ಎಂದು ಬಡವನಿಗೆ ಉಪದೇಶ ಮಾಡುವ ಹಕ್ಕು ನಮಗಿಲ್ಲ. ಕೊಳ್ಳುವುದು ಪಾಪವಲ್ಲ. ಕೊಂಡ ಮೇಲೆ ಏನು ಮಾಡುತ್ತೇವೆ ಎಂಬುದನ್ನು ಯೋಚಿಸಬೇಕು. ಮನುಷ್ಯನು ಆಸ್ತಿಯನ್ನು ತನ್ನದಾಗಿ ಹೊಂದಿರಬಹುದು, ಆದರೆ ಅದರ ಉಪಯೋಗದಲ್ಲಿ ಎಲ್ಲರ ಕೊರತೆಯನ್ನೂ ನೆನೆದು ಹಂಚಿಕೊಳ್ಳಲು ಸಿದ್ಧನಿರಬೇಕು ಎಂದು ಸಂತ ಥಾಮಸರು ಇನ್ನೊಂದು ಕಡೆ ಬೋಧಿಸುತ್ತಾರೆ. ಸುತ್ತ ತಂತಿಬೇಲಿ ಹಾಕಿ, ಗೇಟಿಗೆ ಬೀಗ ಹಾಕಿ, ತಿಂಗಳಿಗೊಮ್ಮೆ ಬಂದು ಹೋಗುವ ತೋಟದಿಂದ ಆ ಊರಿಗೆ ಏನು ಬಂತು? ದನ ಹೋಗುತ್ತಿದ್ದ ದಾರಿ ಮುಚ್ಚಿತು, ಅಷ್ಟೇ.

ಆದಿಕಾಂಡದ 13ನೆಯ ಅಧ್ಯಾಯವನ್ನು ನೆನಪು ಮಾಡಿಕೊಳ್ಳಿರಿ. ದನಕುರಿಗಳು ಹೆಚ್ಚಿ ಅಬ್ರಾಮನಿಗೂ ಲೋಟನಿಗೂ ಒಂದೇ ಕಡೆ ಇರಲಾಗಲಿಲ್ಲ. ಹಿರಿಯನಾದ ಅಬ್ರಾಮನು ಆರಿಸಿಕೊಳ್ಳುವ ಹಕ್ಕನ್ನು ಕಿರಿಯನಿಗೆ ಬಿಟ್ಟುಕೊಟ್ಟನು. ಲೋಟನು ಕಣ್ಣೆತ್ತಿ ನೋಡಿದಾಗ ಜೋರ್ಡನಿನ ಬಯಲು ನೀರಾವರಿಯಿಂದ ಹಸಿರಾಗಿ ಕಂಡಿತು. ಅದನ್ನೇ ಆರಿಸಿಕೊಂಡು ಸೊದೋಮಿನ ಹತ್ತಿರ ಗುಡಾರ ಹಾಕಿದನು. ನೀರು ನೋಡಿದ್ದು ಅವನ ತಪ್ಪಲ್ಲ. ಕುರಿಗೆ ನೀರು ಬೇಕಲ್ಲ! ಆ ಬಯಲಿನಲ್ಲಿ ಯಾರ ನೆರೆಯವನಾಗಲಿದ್ದೇನೆ ಎಂದು ಅವನು ಕೇಳಿಕೊಂಡಂತೆ ಕಾಣುವುದಿಲ್ಲ. ಮುಂದೆ ಅವನಿಗೆ ಬಂದ ಕಷ್ಟ ನಿಮಗೆ ಗೊತ್ತೇ ಇದೆ.

ಊರು ಆರಿಸುವ ಅವಕಾಶವೇ ಒಂದು ವರ. ಎಲ್ಲರಿಗೂ ಅದು ಸಿಗುವುದಿಲ್ಲ. ಹಾಸನ ತಾಲೂಕಿನ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯವನ್ನು ನೀವು ಚಿತ್ರದಲ್ಲಾದರೂ ನೋಡಿರುತ್ತೀರಿ. ಫ್ರೆಂಚ್ ಧರ್ಮಪ್ರಚಾರಕರು 1860ರ ದಶಕದಲ್ಲಿ ಕಟ್ಟಿದ ದೇವಾಲಯ ಅದು. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದಾಗ ಆ ನೆಲವೆಲ್ಲ ಹಿನ್ನೀರಿಗೆ ಸೇರಿತು. ಮಳೆಗಾಲದಲ್ಲಿ ದೇವಾಲಯ ನೀರಿನಲ್ಲಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಹೊರಬರುತ್ತದೆ. ಜನ ಬಂದು ಫೋಟೊ ತೆಗೆಯುತ್ತಾರೆ. ಅಲ್ಲಿ ಸ್ನಾನದೀಕ್ಷೆ ಪಡೆದವರು, ಮದುವೆಯಾದವರು, ಹೆತ್ತವರನ್ನು ಮಣ್ಣು ಮಾಡಿದವರು ಹವೆ ನೋಡಿ ಹೊರಟವರಲ್ಲ. ಹಾಸನ, ತುಮಕೂರು, ಮಂಡ್ಯ ಜಿಲ್ಲೆಗಳ ನಾಲೆಗಳಲ್ಲಿ ನೀರು ಹರಿಯಲಿ ಎಂದು ಅವರ ಊರು ಮುಳುಗಿತು. ಇಂದು ನಾವು ಈ ಸೀಮೆಯ ಹಸಿರನ್ನು ನೋಡಿ ‘ಎಂಥ ಒಳ್ಳೆಯ ಜಾಗ’ ಎನ್ನುವಾಗ, ಆ ಹಸಿರಿನಲ್ಲಿ ಅವರ ಪಾಲಿದೆ ಎಂಬುದನ್ನು ಮರೆಯಬಾರದು.

ಹಾಗಾದರೆ ಹೋಗಬೇಕೋ ಬೇಡವೋ? ಅದನ್ನು ನಾನು ಹೇಳಲಾರೆ. ನಿಮ್ಮ ಕುಟುಂಬ ಪ್ರಾರ್ಥನೆಯ ನಂತರ ಕೂತು ಮಾತಾಡಿಕೊಳ್ಳಲು ಮೂರು ಪ್ರಶ್ನೆಗಳನ್ನು ಮಾತ್ರ ಕೊಡುತ್ತೇನೆ.

ಮೊದಲನೆಯದು, ಇದು ಯಾರ ಆಸೆ? ಎಷ್ಟೋ ಮನೆಗಳಲ್ಲಿ ಹಳ್ಳಿಯ ಕನಸು ಗಂಡನದು. ಅವನಿಗೆ ಅದು ಹುಟ್ಟೂರು. ಹೆಂಡತಿಗೆ ಪರಿಚಯವಿಲ್ಲದ ಊರು. ಮೂವತ್ತು ವರ್ಷ ಬೀದಿಯ ಹೆಂಗಸರೊಂದಿಗೆ ಕಟ್ಟಿಕೊಂಡ ಸ್ನೇಹ, ಜಪಮಾಲೆಯ ಕೂಟ, ಮೊಮ್ಮಗುವಿನ ಕೈ, ಇವನ್ನು ಬಿಟ್ಟು ಬರಬೇಕಾದವಳು ಅವಳು. ಅವಳ ಬಾಯಿಂದ ‘ಆಯ್ತು’ ಎಂಬ ಮಾತು ಬಂದರೆ ಸಾಲದು, ಮನಸ್ಸಿನಿಂದ ಬರಬೇಕು.

ಎರಡನೆಯದು, ಬಿಟ್ಟುಹೋಗುವ ಕಡೆ ನಮ್ಮನ್ನೇ ನಂಬಿಕೊಂಡವರು ಇದ್ದಾರೆಯೇ? ಮದುವೆಯಾಗದ ಅಕ್ಕ, ಹಾಸಿಗೆ ಹಿಡಿದ ನೆರೆಯವರು ಇದ್ದರೆ ಅವರ ವ್ಯವಸ್ಥೆ ಏನು?

ಮೂರನೆಯದು, ಹೋಗುವ ಊರಿನಲ್ಲಿ ನಾವು ಏನಾಗುತ್ತೇವೆ? ಅಲ್ಲಿಯ ಮದುವೆ, ಸಾವು, ಜಾತ್ರೆಗಳಿಗೆ ಹೋಗುತ್ತೇವೆಯೇ? ಅಲ್ಲಿಯ ಶಾಲೆಯ ಮಕ್ಕಳಿಗೆ ಸಂಜೆ ಗಣಿತ ಹೇಳಿಕೊಡುತ್ತೇವೆಯೇ? ಕೆರೆಯ ಹೂಳೆತ್ತುವಾಗ ಬರುತ್ತೇವೆಯೇ? ಅರುವತ್ತರಲ್ಲಿ ಇದು ದೊಡ್ಡ ವಿಷಯವೆನಿಸದಿರಬಹುದು. ಎಂಬತ್ತರಲ್ಲಿ, ನಡುರಾತ್ರಿ ಎದೆನೋವು ಬಂದಾಗ, ಹಾಸನದ ಆಸ್ಪತ್ರೆಗೆ ಕರೆದೊಯ್ಯಲು ಎದ್ದು ಬರುವವರು ಪಕ್ಕದ ಮನೆಯವರೇ.

ನಮ್ಮ ಕಡೆ ಹೆಸರಿನ ಮುಂದೆ ಊರಿನ ಅಕ್ಷರ ಇಟ್ಟುಕೊಳ್ಳುವ ಪದ್ಧತಿ ಇದೆ. 1996ರಲ್ಲಿ ಈ ದೇಶದ ಪ್ರಧಾನಿಯಾದ ದೇವೇಗೌಡರ ಹೆಸರಿನ ಮೊದಲ ‘ಎಚ್’ ಹರದನಹಳ್ಳಿಯದು. ದೆಹಲಿಗೆ ಹೋದರೂ ಊರು ಹೆಸರಿನೊಂದಿಗೆ ಹೋಯಿತು. ನಮ್ಮ ಹಿರಿಯರು ಊರನ್ನು ಹೀಗೆ ಕಂಡರು: ಅದು ನಮ್ಮನ್ನು ಸಾಕಿದ್ದು, ನಾವು ಅದಕ್ಕೆ ಸೇರಿದವರು. ಹೊಸ ಊರಿಗೆ ಹೋಗುವವರಿಗೂ ಅಷ್ಟೇ. ಹವೆ ನೋಡಿರಿ, ಬೆಲೆ ವಿಚಾರಿಸಿರಿ, ಆಸ್ಪತ್ರೆ ಎಷ್ಟು ದೂರ ಎಂದು ಕೇಳಿರಿ. ಆಮೇಲೆ ಆ ಬೀದಿಯ ನಾಲ್ಕು ಮನೆಗಳ ಬಾಗಿಲಿಗೆ ಹೋಗಿ ಕೂತು ಮಾತಾಡಿರಿ. ಅವರೊಂದಿಗೆ ಬಾಳಲು ಮನಸ್ಸು ಒಪ್ಪಿದರೆ ದೇವರ ಆಶೀರ್ವಾದದಿಂದ ಹೊರಡಿರಿ. ಒಪ್ಪದಿದ್ದರೆ ಎಷ್ಟೇ ತಂಪಿರಲಿ, ಎಷ್ಟೇ ಅಗ್ಗವಿರಲಿ, ಅದು ನಿಮ್ಮ ಊರಲ್ಲ.