ಆಶ್ರಯವೂ ಒಂದು ವ್ರತ



ಕಳೆದ ಶ್ರಾವಣಮಾಸದ ಒಂದು ಸೋಮವಾರ ಸಂಜೆ, ಮಲ್ಲತ್ತಹಳ್ಳಿಯ ಕೆರೆಗೆ ಸಮೀಪದಲ್ಲಿರುವ ಭಕ್ತರೊಬ್ಬರ ಮನೆಯಲ್ಲಿ ವಚನಚಿಂತನವು ಏರ್ಪಟ್ಟಿದ್ದಿತು. ಚಿಂತನ ಮುಗಿದು ಪ್ರಸಾದ ಸ್ವೀಕಾರವಾದ ಬಳಿಕ ಮನೆಯ ಯಜಮಾನರು ನನ್ನ ಪಕ್ಕದಲ್ಲಿ ಬಂದು ಕುಳಿತು, ಸಂಕೋಚದಿಂದ ಒಂದು ಮಾತನ್ನು ಕೇಳಿದರು: “ಮೇಷ್ಟ್ರೇ, ಈ ಮನೆಯಲ್ಲಿ ಎರಡು ಹೊತ್ತೂ ಲಿಂಗಪೂಜೆ ನಡೆಯುತ್ತದೆ. ಇಂಥ ಮನೆಗೆ ನಾಯಿಯೊಂದನ್ನು ತಂದು ಇಟ್ಟುಕೊಂಡರೆ ಆಚಾರಕ್ಕೆ ಕುಂದಾಗುವುದೇ? ತಾವು ಹೇಳಿದಂತೆ ನಡೆಯುತ್ತೇನೆ.”

ಪ್ರಶ್ನೆಯ ಹಿಂದಿನ ವೃತ್ತಾಂತವು ಹೀಗಿದ್ದಿತು. ಅದೇ ಬೀದಿಯ ಒಂದು ಬಾಡಿಗೆ ಮನೆಯವರು ಐದು ವರ್ಷ ಕಾಲ ಒಂದು ನಾಯಿಯನ್ನು ಸಾಕಿದ್ದರು. ಕಂದು ಬಣ್ಣದ ನಾಡನಾಯಿ. ಕೆಂಚನೆಂದು ಅದರ ಹೆಸರು. ಅವರು ಬೇರೊಂದು ಕಡೆ ಫ್ಲ್ಯಾಟಿಗೆ ಹೊರಟಾಗ ಮಂಚ, ಬೀರು, ತುಳಸಿಯ ಕುಂಡ ಎಲ್ಲವೂ ಲಾರಿಯನ್ನೇರಿದವು. ಕೆಂಚ ಮಾತ್ರ ಏರಲಿಲ್ಲ. ಬೀಗ ಬಿದ್ದ ಗೇಟಿನ ಮುಂದೆ ಅದು ಒಂಬತ್ತು ದಿನ ಮಲಗಿತ್ತು. ಯಾರು ಏನು ಇಟ್ಟರೂ ಮೂಸಿ ನೋಡಿ ಬಿಡುತ್ತಿತ್ತು. ಕೊನೆಗೆ ಬಡಾವಣೆಯ ಹುಡುಗರು ಅದನ್ನು ಜನರು ಶೆಲ್ಟರ್ ಎಂದು ಕರೆಯುವ ಪ್ರಾಣಿಗಳ ಆಶ್ರಯತಾಣವೊಂದಕ್ಕೆ ಸೇರಿಸಿದರು. ಅಲ್ಲಿಂದ ಎರಡು ಕುಟುಂಬಗಳವರು ಅದನ್ನು ಕೊಂಡೊಯ್ದು, ನಾಲ್ಕೈದು ದಿನಗಳಲ್ಲೇ ‘ಇದು ಹೊಂದಿಕೊಳ್ಳುವ ನಾಯಿಯಲ್ಲ’ವೆಂದು ಮರಳಿ ಬಿಟ್ಟುಹೋದರು. ಈ ಸಂಗತಿಯು ಯಜಮಾನರ ಮೊಮ್ಮಗಳ ಕಿವಿಗೆ ಬಿದ್ದು, ಹತ್ತು ವರ್ಷದ ಆ ಮಗು ತಾತನನ್ನು ಕಾಡುತ್ತಲಿದ್ದಿತು.

ನಾನು ಹೆಚ್ಚು ಯೋಚಿಸಲಿಲ್ಲ. “ಯಜಮಾನರೇ, ಅಂಗಳದ ಪ್ರಾಣಿ ಅಂಗಳದಲ್ಲೇ ಇರಲಿ. ಪೂಜೆಯ ಮನೆಗೆ ಆ ಗೋಜು ಏತಕ್ಕೆ?” ಎಂದುಬಿಟ್ಟೆನು. ಕಂಬವನ್ನು ಹಿಡಿದು ನಿಂತಿದ್ದ ಹುಡುಗಿ ತಲೆ ತಗ್ಗಿಸಿ ಮೆಲ್ಲನೆ ಹೇಳಿದಳು: “ಅದಕ್ಕೆ ಅಂಗಳವೇ ಇಲ್ಲವಲ್ಲ, ಮೇಷ್ಟ್ರೇ.”

ಬಂಧುಗಳೇ, ಅರ್ಧ ತಾಸಿನ ಹಿಂದೆ ಅದೇ ಪಡಸಾಲೆಯಲ್ಲಿ ಕುಳಿತು ನಾನು ಕರುಣೆಯನ್ನು ಕುರಿತು ನಿರರ್ಗಳವಾಗಿ ಮಾತನಾಡಿದ್ದೆನು. ಧರ್ಮವೆಂಬ ವೃಕ್ಷವು ನಿಂತಿರುವುದು ಕರುಣೆಯ ಬೇರಿನ ಮೇಲೆ ಎಂದು ಬಸವಣ್ಣನವರು ಬೋಧಿಸಿದ್ದನ್ನು ವಿಸ್ತರಿಸಿ, ಸಭೆಯವರು ತಲೆದೂಗುವಂತೆ ಹೇಳಿದ್ದೆನು. ಆ ಬೋಧೆಯು ಬಾಗಿಲಿಗೆ ಬಂದು ನಿಂತಾಗ ನಾನೇ ಅದನ್ನು ಹೊರಗೆ ನಿಲ್ಲಿಸಿದಂತಾಯಿತು. ಆ ರಾತ್ರಿ ನಿದ್ದೆ ಬಾರದಾಯಿತು. ಮರುದಿನ ಶಾಲೆ ಬಿಟ್ಟ ಮೇಲೆ ಯಜಮಾನರನ್ನೂ ಮಗುವನ್ನೂ ಕರೆದುಕೊಂಡು ಆ ಆಶ್ರಯತಾಣಕ್ಕೆ ಹೋದೆನು.

ಅಲ್ಲಿಯವರು ಪ್ರಾಣಿಗಳನ್ನು ಪ್ರೀತಿಯಿಂದಲೇ ನೋಡಿಕೊಳ್ಳುತ್ತಿದ್ದರು, ಅದರಲ್ಲಿ ಸಂದೇಹವಿಲ್ಲ. ಆದರೆ ಇರುವ ಕೈಗಳು ಕೆಲವು, ನಾಯಿಗಳು ಬಹಳ. ಒಂದು ಬೊಗಳಿದರೆ ಎಲ್ಲವೂ ಬೊಗಳುವುವು. ಸಾಲಿನ ಕೊನೆಯ ಪಂಜರದಲ್ಲಿ ಕೆಂಚನಿದ್ದನು. ಒಂದೇ ಸುತ್ತಿನಲ್ಲಿ ಎಡೆಬಿಡದೆ ತಿರುಗುತ್ತಿದ್ದನು, ಬಾಲವು ಹೊಟ್ಟೆಯ ಕೆಳಗೆ ಸೇರಿತ್ತು, ಬಿಸಿಲಿಲ್ಲದಿದ್ದರೂ ಏದುತ್ತಿದ್ದನು, ಇಟ್ಟ ಅನ್ನವು ಇಟ್ಟಂತೆಯೇ ಇತ್ತು. ನಾವು ಹತ್ತಿರ ಹೋದೊಡನೆ ಹಲ್ಲು ತೋರಿಸಿ ಕಂಬಿಗೆ ಎಗರಿದನು. ಯಜಮಾನರು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಅಲ್ಲಿನ ಸೇವಕಿಯೊಬ್ಬಳು, “ಸ್ವಾಮಿ, ಇದು ಸಿಟ್ಟಲ್ಲ, ಹೆದರಿಕೆ. ಪಕ್ಕಕ್ಕೆ ತಿರುಗಿ ಕೂತುಕೊಳ್ಳಿ, ದಿಟ್ಟಿಸಿ ನೋಡಬೇಡಿ” ಎಂದಳು. ಹಾಗೆಯೇ ಕುಳಿತೆವು. ಕಾಲು ಗಂಟೆಯಾದ ಬಳಿಕ ಸುತ್ತುವುದು ನಿಂತಿತು. ಕೆಂಚನು ಮೂಲೆಯಲ್ಲಿ ಕುಳಿತು ನಮ್ಮ ಬೆನ್ನನ್ನೇ ನೋಡುತ್ತಿದ್ದನು.

ಪ್ರಾಣಿಗಳ ಸ್ವಭಾವವನ್ನು ಬಲ್ಲವರು ಇದನ್ನೇ ಹೇಳುತ್ತಾರೆ. ಸುತ್ತುವುದು, ತುಟಿ ನೆಕ್ಕಿಕೊಳ್ಳುವುದು, ಮೇಲಿಂದ ಮೇಲೆ ಆಕಳಿಸುವುದು, ಅನ್ನ ಬಿಡುವುದು, ಇವೆಲ್ಲ ಕಳವಳದ ಚಿಹ್ನೆಗಳು. ಮನುಷ್ಯನಿಗೆ ಭಯವಾದಾಗ ದೇಹದಲ್ಲಿ ಏರುವ ಕಾರ್ಟಿಸಾಲ್ ಎಂಬ ರಸವು ನಾಯಿಗೂ ಏರುತ್ತದೆ. ಆಶ್ರಯತಾಣಕ್ಕೆ ಬಂದ ಮೊದಲ ಕೆಲವು ದಿನಗಳಲ್ಲಿ ಅದು ಬಹಳ ಹೆಚ್ಚಿರುತ್ತದೆಂದು ಶಾಸ್ತ್ರಜ್ಞರು ಅಳೆದು ಕಂಡಿದ್ದಾರೆ. ಅಮೆರಿಕ ದೇಶದಲ್ಲಿ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಂತಹ ನಾಯಿಗಳನ್ನು ಒಂದೆರಡು ರಾತ್ರಿ ಯಾರಾದರೊಬ್ಬರ ಮನೆಯಲ್ಲಿ ಮಲಗಿಸಿದರೆ ಆ ರಸವು ಇಳಿಯುವುದೆಂದೂ, ಪಂಜರಕ್ಕೆ ಮರಳಿದೊಡನೆ ಮತ್ತೆ ಮೊದಲಿನ ಮಟ್ಟಕ್ಕೇ ಏರುವುದೆಂದೂ ಕಂಡುಬಂದಿತು. ಎಂದಮೇಲೆ ಅದಕ್ಕೆ ಬೇಕಾದ ಔಷಧವು ಮನೆಯೇ ಹೊರತು ಬೇರೊಂದಲ್ಲ.

ಇನ್ನು ಯಜಮಾನರ ಮೂಲಪ್ರಶ್ನೆಗೆ ಬರೋಣ. ನಾಯಿ ಬಂದರೆ ಆಚಾರಕ್ಕೆ ಕುಂದುಂಟೇ? ನಮ್ಮ ಶರಣರು ಜನನಸೂತಕ, ಮರಣಸೂತಕ ಮೊದಲಾದ ಪಂಚಸೂತಕಗಳನ್ನೇ ಲಿಂಗವಂತನಿಗೆ ಇಲ್ಲವೆಂದು ಕಳೆದವರು. ಅಂಗದ ಮೇಲೆ ಲಿಂಗವಿರುವಾಗ ಮೈಲಿಗೆಯು ಎಲ್ಲಿಂದ ಬರಬೇಕು? ಪೂಜೆಯ ಸ್ಥಳವನ್ನು ಶುಚಿಯಾಗಿಡಬೇಕು, ನಿಜ. ಪ್ರಾಣಿಯಿರುವ ಮನೆಯಲ್ಲಿ ಒಂದು ಸಾರಿ ಹೆಚ್ಚಾಗಿ ಗುಡಿಸಬೇಕು, ಅದೂ ನಿಜ. ಅದು ಕಸಬರಿಕೆಯ ಮಾತಾಯಿತೇ ಹೊರತು ಆಚಾರದ ಮಾತಾಗಲಿಲ್ಲ. ವಚನಗಳಲ್ಲಿ ನಾಯಿಯ ಉಪಮೆಯು ಹಲವೆಡೆ ನಿಂದೆಯಾಗಿ ಬಂದಿದೆಯಲ್ಲಾ ಎಂದು ಕೇಳುವವರುಂಟು. ಅಲ್ಲಿ ನಿಂದೆಯು ಮನುಷ್ಯನ ಚಪಲಬುದ್ಧಿಗೆ; ನಾಲ್ಕು ಕಾಲಿನ ಜೀವಕ್ಕಲ್ಲ. ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದ ವೇದವನ್ನು ಓದಿಸಿದರೆಂಬ ಕಥೆಯನ್ನು ನಮ್ಮ ಪುರಾಣಗಳು ಹೇಳುತ್ತಾ ಬಂದಿವೆ. ಓದಿನ ಅಹಂಕಾರವನ್ನು ಇಳಿಸಲು ಆ ಶರಣರಿಗೆ ದೊರೆತ ಜೀವವು ನಾಯಿಯೇ ಆಯಿತೆಂಬುದನ್ನು, ಓದಿನಿಂದ ಜೀವಿಸುವ ನನ್ನಂಥವನು ನೆನಪಿಟ್ಟುಕೊಳ್ಳತಕ್ಕದ್ದು.

ಕನ್ನಡನಾಡು ನಾಯಿಯನ್ನು ಹೇಗೆ ಕಂಡಿತೆಂಬುದಕ್ಕೆ ಕಲ್ಲಿನ ಸಾಕ್ಷ್ಯವೇ ಉಂಟು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಶಾಸನವು ಇಂದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ; ಕ್ರಿ.ಶ. 949-50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಶೌರ್ಯವನ್ನು ತೋರಿದ ಮಣಲೆರನೆಂಬ ವೀರನಿಗೆ ಗಂಗರ ಬೂತುಗನು ಮೆಚ್ಚಿ, ಬೇಡಿದ್ದನ್ನು ಕೊಡುವೆನೆಂದನು. ಮಣಲೆರನು ಬೇಡಿದುದು ರಾಜನ ಬಳಿಯಿದ್ದ ಕಾಳಿಯೆಂಬ ನಾಯಿಯನ್ನು. ಹೊಸ ಒಡೆಯನ ಬಳಿಗೆ ಬಂದ ಆ ಕಾಳಿಯು ಮುಂದೆ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗೆ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲನ್ನು ನೆಡಿಸಿ, ಭೂಮಿಯನ್ನು ದತ್ತಿಬಿಟ್ಟರು. ಆ ಭೂಮಿಯನ್ನು ನೋಡಿಕೊಳ್ಳುವ ಶೈವ ಗೊರವನು ಆ ಕಲ್ಲನ್ನು ಪೂಜಿಸದೆ ಉಣ್ಣಲಾಗದೆಂದು ವಿಧಿಸಿದರು. ಸಾವಿರ ವರ್ಷಗಳ ಹಿಂದೆ ಶಿವಾಲಯದ ಮುಂದೆಯೇ ನಾಯಿಗೆ ಸ್ಥಳವು ದೊರೆತಿರಲು, ಇಂದು ಶಿವಭಕ್ತನ ಜಗಲಿಯಲ್ಲಿ ದೊರೆಯಬಾರದೇ?

ಆದರೆ ಇಲ್ಲಿ ಇನ್ನೊಂದು ಸಂಗತಿಯಿದೆ, ಮತ್ತು ಅದೇ ಮುಖ್ಯವಾದುದು. ನಾಯಿಯನ್ನು ತರುವುದು ಸುಲಭ, ಇಟ್ಟುಕೊಳ್ಳುವುದು ವ್ರತ. ಲಿಂಗವನ್ನು ಒಮ್ಮೆ ಧರಿಸಿದವನು ಬೇಸರವಾಯಿತೆಂದು ತೆಗೆದಿಡುವನೇ? ತನ್ನನ್ನು ನಂಬಿದ ಜೀವವನ್ನು ಕೈಬಿಟ್ಟವನು ಕೊಟ್ಟ ಮಾತಿಗೆ ತಪ್ಪಿದವನೇ ಸರಿ. ಆ ಜೀವಕ್ಕೆ ಮಾತು ಬಾರದೆಂಬುದರಿಂದ ತಪ್ಪು ಕಿರಿದಾಗದು, ಹಿರಿದಾಗುವುದು. ನಾಡಿನ ಕಾನೂನೂ ಇದನ್ನು ಒಪ್ಪಿದೆ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ, ಹಸಿವು ಬಾಯಾರಿಕೆಗಳಿಂದ ನರಳಬಹುದಾದ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆದುಹೋಗುವುದು ಅಪರಾಧ. ಜೀವಿಗಳಲ್ಲಿ ಕರುಣೆಯಿರತಕ್ಕದ್ದೆಂಬುದನ್ನು 1976ರಲ್ಲಿ ಸಂವಿಧಾನವು ಪ್ರಜೆಗಳ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿಕೊಂಡಿತು.

ನಾಯಿಗಳ ಭಯವು ಸುಳ್ಳೆಂದು ನಾನು ಹೇಳಲಾರೆನು. ಮಕ್ಕಳಿಗೆ ಕಚ್ಚಿದ ಸುದ್ದಿಯನ್ನು ಓದಿದಾಗ ಯಾವ ತಾಯಿಯ ಎದೆಯೂ ಝಲ್ಲೆನ್ನುವುದು. 2023ರ ಗಣತಿಯಲ್ಲಿ ಬೆಂಗಳೂರಿನ ಬೀದಿನಾಯಿಗಳು ಸುಮಾರು 2 ಲಕ್ಷ 79 ಸಾವಿರವೆಂದು ಲೆಕ್ಕ ಸಿಕ್ಕಿತು. 2025ರ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು ಶಾಲೆ, ಆಸ್ಪತ್ರೆ, ಬಸ್ಸು ಮತ್ತು ರೈಲು ನಿಲ್ದಾಣ ಮೊದಲಾದೆಡೆಗಳಲ್ಲಿರುವ ಬೀದಿನಾಯಿಗಳನ್ನು ಆಶ್ರಯತಾಣಗಳಿಗೆ ಸೇರಿಸಬೇಕೆಂದು ಆಜ್ಞಾಪಿಸಿತು. ಹೀಗಿರಲು, ಮನೆಯಲ್ಲಿ ಸಾಕಿದ ನಾಯಿಯನ್ನೂ ತಂದು ಆ ಇಕ್ಕಟ್ಟಿಗೆ ತುಂಬುವುದು ಎಷ್ಟು ಸರಿ? ಅಲ್ಲಿಂದ ಒಂದು ಜೀವವು ಹೊರಗೆ ಬಂದರೆ ಇನ್ನೊಂದಕ್ಕೆ ಎಡೆಯಾಗುವುದು.

ಸಾಕಲು ಮನಸ್ಸು ಮಾಡುವ ಗೃಹಸ್ಥರಿಗೆ ನಾನು ಕೇಳಿ ತಿಳಿದ ನಾಲ್ಕು ಮಾತುಗಳನ್ನು ಹೇಳುವೆನು. ಮೊದಲನೆಯದಾಗಿ, ಮನೆಮಂದಿಯೆಲ್ಲರ ಒಪ್ಪಿಗೆ ಇರಲಿ; ಮಗುವಿನ ಹಟವೊಂದರಿಂದಲೇ ತರಬೇಡಿರಿ. ಎರಡನೆಯದಾಗಿ, ಪಶುವೈದ್ಯರಿಂದ ರೇಬಿಸ್ ಲಸಿಕೆಯನ್ನೂ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿರಿ. ಯಾವ ನಾಯಿ ಕಚ್ಚಿದರೂ ಗಾಯವನ್ನು 15 ನಿಮಿಷ ಸಾಬೂನು ನೀರಿನಿಂದ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿರಿ. ಮೂರನೆಯದಾಗಿ, ಅನ್ನದ ವಿಷಯ. ನಮ್ಮ ಮನೆಗಳಲ್ಲಿ ಮಾಂಸವಿಲ್ಲ. ಶಾಕಾಹಾರದಲ್ಲಿಯೂ ಅದಕ್ಕೆ ತಕ್ಕ ಪೋಷಣೆಯನ್ನು ಹೇಗೆ ಒದಗಿಸಬೇಕೆಂದು ವೈದ್ಯರನ್ನೇ ಕೇಳಿರಿ. ಆದರೆ ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರು, ದ್ರಾಕ್ಷಿ ಹಾಕಿದ ಪಾಯಸ, ಚಾಕೊಲೇಟು ಇವು ನಾಯಿಗೆ ವಿಷವೆಂಬುದನ್ನು ಮರೆಯಬೇಡಿರಿ. ಪ್ರಸಾದವೆಂಬ ಪ್ರೀತಿಯಿಂದಲೂ ಹಾಕಬೇಡಿರಿ. ನಾಲ್ಕನೆಯದು ತಾಳ್ಮೆ. ಬೆದರುವುದು ನಿಲ್ಲಲು ಮೂರು ದಿನ, ಮನೆಯ ಕ್ರಮವನ್ನು ಅರಿಯಲು ಮೂರು ವಾರ, ಇದು ನನ್ನ ಮನೆಯೆಂದು ನಂಬಲು ಮೂರು ತಿಂಗಳು ಎಂಬುದು ಈ ಸೇವೆಯಲ್ಲಿರುವವರ ಅನುಭವದ ಲೆಕ್ಕ. ಕೆಂಚನನ್ನು ಮರಳಿ ಬಿಟ್ಟವರು ನಾಲ್ಕೈದು ದಿನ ಮಾತ್ರ ಕಾದಿದ್ದರು.

ಯಜಮಾನರು ಮೂರು ದಿನ ಯೋಚಿಸಿ ಕೆಂಚನನ್ನು ಕರೆತಂದರು. ಮೊದಲ ವಾರವೆಲ್ಲ ಅವನು ಮಂಚದ ಕೆಳಗಿನಿಂದ ಹೊರಬರಲಿಲ್ಲ. ಒಂದು ದಿನ ಯಜಮಾನರ ಪಂಚೆಯನ್ನು ಹರಿದನು, ಮನೆಯವರು ಮುನಿದರು. “ಮೇಷ್ಟ್ರೇ, ತಪ್ಪು ಮಾಡಿದೆನೇನೋ” ಎಂದು ಯಜಮಾನರು ಫೋನಿನಲ್ಲಿ ಹೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. “ಇನ್ನೊಂದು ಸೋಮವಾರ ನೋಡಿರಿ” ಎಂದಷ್ಟೇ ಹೇಳಿದೆನು. ಹೀಗೆಯೇ ಸೋಮವಾರಗಳು ಕಳೆದವು. ದೀಪಾವಳಿಯಲ್ಲಿ ಪಟಾಕಿಯ ಸದ್ದಿಗೆ ಅವನು ನಡುಗುತ್ತಿದ್ದಾಗ, ಹುಡುಗಿ ಕಿಟಕಿಗಳನ್ನೆಲ್ಲ ಮುಚ್ಚಿ ರಾತ್ರಿಯೆಲ್ಲ ಅವನ ಬಳಿ ಕುಳಿತಿದ್ದಳಂತೆ.

ಕಾರ್ತಿಕದಲ್ಲಿ ನಾನು ಆ ಮನೆಗೆ ಮತ್ತೆ ಹೋಗಿದ್ದೆನು. ಯಜಮಾನರು ಒಳಗೆ ಲಿಂಗಪೂಜೆಯಲ್ಲಿದ್ದರು. ಕೆಂಚನು ಪೂಜೆಯ ಕೋಣೆಯ ಹೊಸ್ತಿಲ ಈಚೆಗೆ, ಯಾರೂ ಹೇಳಿಕೊಡದಿದ್ದರೂ, ಮುಂಗಾಲುಗಳ ಮೇಲೆ ಮುಖವನ್ನಿಟ್ಟು ಮಲಗಿದ್ದನು. ಆದರೂ ಭಯವು ಪೂರ್ತಿ ಹೋಗಿಲ್ಲ. ಮನೆಯವರು ಹೊರಗೆ ಹೊರಟು ಗೇಟಿಗೆ ಬೀಗ ಹಾಕುವ ಸದ್ದಾದರೆ ಇಂದಿಗೂ ಎದ್ದು ನಿಲ್ಲುತ್ತಾನೆ. ಅವರು ಮರಳುವ ತನಕ ಮಲಗುವುದಿಲ್ಲ. ಒಬ್ಬರು ಮಾಡಿದ ಗಾಯವನ್ನು ಇನ್ನೊಬ್ಬರು ಮಾಯಿಸಲು ಎಷ್ಟು ದಿನ ಬೇಕೆಂಬುದನ್ನು ಅಲ್ಲಿ ಕಂಡೆನು.

ಬಂಧುಗಳೇ, ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದೊಂದುಂಟು. ಎಲ್ಲರಿಗಿಂತಲೂ ಕಿರಿಯನಾಗಿ ಸೇವೆ ಮಾಡುವುದೇ ಅದರ ಹುರುಳು. ದೊಡ್ಡವರ ಮುಂದೆ ಕಿರಿಯನಾಗುವುದು ಸುಲಭ. ಹೆದರಿದ ಮೂಕಪ್ರಾಣಿಯ ಮುಂದೆ ನೆಲದ ಮೇಲೆ ಬೆನ್ನು ತಿರುಗಿಸಿ ಕುಳಿತು, ಅದು ತಾನಾಗಿ ಬರುವ ತನಕ ಕಾಯುವುದು ಕಷ್ಟ. ಎಲ್ಲರೂ ನಾಯಿಯನ್ನು ಸಾಕಿರೆಂದು ನಾನು ಹೇಳುವುದಿಲ್ಲ. ಕೊನೆಯ ತನಕ ಆಗದವರು ಆರಂಭಿಸದಿರುವುದೇ ಧರ್ಮ. ಅವರು ಬಾಗಿಲಲ್ಲಿ ಒಂದು ಬಟ್ಟಲು ನೀರಿಡಲಿ, ಆಶ್ರಯತಾಣಕ್ಕೆ ಒಂದು ಚೀಲ ಅಕ್ಕಿಯನ್ನೋ ಹಳೆಯ ಕಂಬಳಿಯನ್ನೋ ಕೊಡಲಿ. ಈಗಾಗಲೇ ಸಾಕಿರುವವರು ಮನೆ ಬದಲಿಸುವಾಗ ಲಾರಿಯಲ್ಲಿ ಅದಕ್ಕೂ ಎಡೆ ಮಾಡಲಿ. ಆಗುವವರು ಮಾತ್ರ, ಅಂಗಡಿಯಲ್ಲಿ ಬೆಲೆ ಕೊಟ್ಟು ಕೊಳ್ಳುವ ಮೊದಲು, ಒಮ್ಮೆ ಆ ಪಂಜರಗಳ ಸಾಲಿನ ಮುಂದೆ ನಡೆದುಬರಲಿ.

ಕೆಂಚನ ಪಕ್ಕದ ಪಂಜರದಲ್ಲಿ ಒಂದು ಕಣ್ಣು ಮಂಜಾದ ಮುದಿ ನಾಯಿಯೊಂದಿದ್ದಿತು. ನಾವು ಕೆಂಚನನ್ನು ಕರೆದುಕೊಂಡು ಹೊರಟಾಗ ಅದು ಬೊಗಳಲಿಲ್ಲ. ಎದ್ದು ಬಂದು ಕಂಬಿಯ ಬಳಿ ನಿಂತಿತು. ಮೊನ್ನೆ ವಿಚಾರಿಸಿದೆನು. ಅದು ಇನ್ನೂ ಅಲ್ಲಿಯೇ ಇದೆ.