ನಾವೂ ಬಾಡಿಗೆದಾರರೇ



ದೇವದುರ್ಗ, ಮಾನ್ವಿಯ ಹಳ್ಳಿಗಳಿಂದ ದುಡಿಮೆಗೋ ಮಕ್ಕಳ ಓದಿಗೋ ರಾಯಚೂರಿಗೆ ಬಂದ ಕುಟುಂಬ ನಿಮ್ಮ ಬಾಡಿಗೆ ಮನೆಯಲ್ಲಿದೆಯೇ? ಆ ಮನೆ ನಿಮಗೆ ಬೇಕಾದಾಗ ಕೇಳುವುದು ತಪ್ಪಲ್ಲ. ಆದರೆ ಕೇಳುವುದಕ್ಕೊಂದು ರೀತಿಯಿದೆ.

ಬೇರೆ ಕರಾರಿಲ್ಲದಿದ್ದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ ತಿಂಗಳ ಬಾಡಿಗೆಯವರಿಗೆ 15 ದಿನಗಳ ನೋಟಿಸು ಕೊಡಬೇಕು. ಅದು ಬರಹದಲ್ಲಿರಬೇಕು, ಸಹಿಯಿರಬೇಕು, ಕೈಯಾರೆ ಇಲ್ಲವೇ ಅಂಚೆಯಲ್ಲಿ ತಲುಪಬೇಕು; ತಲುಪಿದ ದಿನದಿಂದಲೇ ಎಣಿಕೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವ ಮನೆಗಳಿಗೆ ಕಾನೂನು ಒಪ್ಪುವ ಕಾರಣವೂ ಬೇಕು. ಅವಧಿ ಮುಗಿದರೂ ಬಿಡದಿದ್ದರೆ ನ್ಯಾಯಾಲಯವಿದೆ. ಬೀಗ ಜಡಿಯುವುದು, ನೀರು ನಿಲ್ಲಿಸುವುದು, ಪಾತ್ರೆಗಳನ್ನು ಬೀದಿಗಿಡುವುದು ಸಲ್ಲದು.

ಕಾನೂನು 15 ದಿನ ಎನ್ನುತ್ತದೆ. ಪ್ರೀತಿ ಅಷ್ಟಕ್ಕೇ ನಿಲ್ಲಬಹುದೇ? ಆ ಮನೆಯಲ್ಲಿ ಬಾಣಂತಿಯೋ, ಪರೀಕ್ಷೆ ಬರೆಯುವ ಮಗುವೋ ಇದ್ದರೆ? ಒಂದೆರಡು ತಿಂಗಳು ಮೊದಲೇ ಎದುರು ಕುಳಿತು ಹೇಳಿ. ಅಡ್ವಾನ್ಸ್ ಹಣವನ್ನು ಮನೆ ಬಿಡುವ ದಿನವೇ ಹಿಂದಿರುಗಿಸಿ. ಅದಿಲ್ಲದೆ ಅವರು ಮತ್ತೊಂದು ಮನೆ ಹಿಡಿಯುವುದು ಹೇಗೆ?

ಬೆತ್ಲೆಹೇಮಿನ ಛತ್ರದಲ್ಲಿ ಗರ್ಭಿಣಿ ಮಾತೆ ಮರಿಯಳಿಗೆ ಸ್ಥಳ ದೊರೆಯಲಿಲ್ಲ. ಭೂಮಿ ತನ್ನದು, ನಾವು ಅದರಲ್ಲಿ ತಂಗಿರುವವರಷ್ಟೇ ಎಂದು ಸರ್ವೇಶ್ವರ ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ನೆನಪಿಸುತ್ತಾರೆ. ನಮಗೂ ಒಂದು ದಿನ ಹೊರಡುವ ಕರೆ ಬರುತ್ತದೆ. ಅಂದು ಯಜಮಾನರಿಂದ ನಾವು ಬಯಸುವ ದಯೆಯನ್ನು ಇಂದು ನಮ್ಮ ಬಾಡಿಗೆದಾರರಿಗೆ ತೋರೋಣ.