ಉಪ್ಪು ಸರಿಯಿದೆಯೆ?

ದೇವರ ನೈವೇದ್ಯದ ಅಡಿಗೆಯನ್ನು ಮುಂಚಿತವಾಗಿ ರುಚಿ ನೋಡುವಂತಿಲ್ಲ. ಕೈಯಳತೆಯನ್ನು ನಂಬಿ ಉಪ್ಪು ಹಾಕಬೇಕು. ಹೆಚ್ಚುಕಡಮೆಯಾದರೆ ದೇವರು ದೂರುವವನಲ್ಲ. ಮದುವೆಮನೆಯ ಅಡಿಗೆಭಟ್ಟರದು ಬೇರೆ ನೀತಿ. ಪಕ್ಕದಲ್ಲಿ ನಿಂತವರ ಅಂಗೈಗೆ ಸ್ವಲ್ಪ ಹುಳಿ ಹನಿಸಿ, "ಉಪ್ಪು ಸರಿಯಿದೆಯೆ, ನೋಡಿ" ಎನ್ನುತ್ತಾರೆ. ಮನೆಯಲ್ಲಿ ಕುಳಿತು ಕಂಪ್ಯೂಟರ್ ಆಟ ಕಟ್ಟುವ ಇಂದಿನ ಹುಡುಗರು ಭಟ್ಟರ ಪಂಥದವರು. ಅರ್ಧ ಮುಗಿದ ಆಟದ ತುಣುಕೊಂದನ್ನು, ಅವರ ಮಾತಿನಲ್ಲಿ ಡೆಮೊ, ಅಂತರ್ಜಾಲದಲ್ಲಿಟ್ಟು ಗುರುತಿಲ್ಲದವರನ್ನು ಆಡಲು ಕರೆಯುತ್ತಾರೆ.

ಆಗದ ಕೆಲಸವನ್ನು ತೋರಿಸುವುದು ಸರಿಯೆ? ಪದ್ಯ ಬರೆದವನು ತಿದ್ದಿ, ಹರಿದು, ಮತ್ತೆ ಬರೆದು ಆಮೇಲೆ ತೋರಿಸಲಿ ಎನ್ನುವವನು ನಾನು. ಆದರೆ ಹಲವರು ಕೂಡಿ ಆಡುವ ಆಟಕ್ಕೆ ಆ ನ್ಯಾಯ ಸಲ್ಲದು. ಒಬ್ಬನೇ ಕುಳಿತು ಚೌಕಾಬಾರ ಆಡಿದರೆ ಯಾರ ಕಾಯಿಯನ್ನು ಯಾರು ಕಡಿದಂತಾಯಿತು? ಬೆಂಗಳೂರಿನವನೂ ಬರ್ಲಿನ್ನಿನವನೂ ಒಂದೇ ಬಾಗಿಲನ್ನು ಒಂದೇ ಕ್ಷಣದಲ್ಲಿ ತಳ್ಳಿದರೆ, ಸುದ್ದಿ ಅತ್ತಿಂದಿತ್ತ ಸಾಗುವಷ್ಟರಲ್ಲಿ ಒಬ್ಬನ ಪರದೆಯಲ್ಲಿ ಬಾಗಿಲು ತೆರೆದಿರಬಹುದು, ಇನ್ನೊಬ್ಬನದರಲ್ಲಿ ಮುಚ್ಚಿರಬಹುದು. ಮಾಡಿದವನ ಕೋಣೆಯಲ್ಲಿ ಈ ದೋಷ ಕಾಣುವುದು ಕಷ್ಟ. ಪರರು ಬಂದು ತುಳಿದ ಮೇಲೆಯೇ ನೆಲದ ಟೊಳ್ಳು ತಿಳಿಯಬೇಕು.

ಹಾಗೆ ಬಂದು ತುಳಿದವರಿಗೆ ಸಲ್ಲಬೇಕಾದುದೇನು? ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರ ಮೇ ತಿಂಗಳಲ್ಲಿ ಮೈನ್‌ಕ್ರಾಫ್ಟ್ ಆಟದ ಮೊದಲ ರೂಪವನ್ನು ಜನರ ಮುಂದಿಟ್ಟ. ನೌಕರಿಯ ಬಿಡುವಿನಲ್ಲಿ ಒಬ್ಬನೇ ಕಟ್ಟಿದ್ದು; ಚೌಕದ ದಿಮ್ಮಿಗಳನ್ನು ಕೀಳುವುದು, ಜೋಡಿಸುವುದು, ಅಷ್ಟೆ. ಕೆಲವೇ ವಾರಗಳಲ್ಲಿ ಹಲವರು ಕೂಡಿ ಆಡುವ ಸೌಕರ್ಯ ಬಂತು. ಅವನು ಮಾರತೊಡಗಿದ್ದೂ ಆಗಲೇ. ಆಟ ಪೂರ್ಣವಾಯಿತೆಂದು ಸಾರಿದ್ದು 2011ರ ನವೆಂಬರಿನಲ್ಲಿ. ಅಲ್ಲಿಯವರೆಗೆ ಅರೆಬೆಂದದ್ದನ್ನೇ ಮಾರಿದ, ನಿಜ. ಆದರೆ ಕಡಮೆ ಬೆಲೆಗೆ, ಮೊದಮೊದಲು ಕೊಂಡವರಿಗೆ ಮುಂದಿನ ರೂಪಗಳೆಲ್ಲ ಉಚಿತವೆಂದು ಮಾತು ಕೊಟ್ಟು. ಇದು ನ್ಯಾಯವಾದ ವ್ಯಾಪಾರವೆಂದೇ ನನ್ನ ಎಣಿಕೆ. 2014ರಲ್ಲಿ ಮೈಕ್ರೋಸಾಫ್ಟ್ ಅವನ ಸಂಸ್ಥೆಯನ್ನು 250 ಕೋಟಿ ಡಾಲರಿಗೆ ಕೊಂಡಿತು. ಮೊದಲ ದಿನಗಳಲ್ಲಿ ಆಡಿ, ಎಡವಿ, "ಇಲ್ಲಿ ತಪ್ಪಿದೆ" ಎಂದು ತಿಳಿಸಿದವರಿಗೂ ಆ ಹಣದಲ್ಲಿ ಪಾಲಿರಬೇಕಿತ್ತೆ? ಇಲ್ಲವೆಂದೇ ನನಗೆ ತೋರುತ್ತದೆ. ಹುಳಿಯ ಉಪ್ಪು ನೋಡಿದವನು ಮದುವೆಯ ಮುಯ್ಯಿಯಲ್ಲಿ ಭಾಗ ಕೇಳುವುದುಂಟೆ? ಅವನಿಗೆ ಸಲ್ಲಬೇಕಾದುದು ಬೇರೆ: "ಉಪ್ಪು ಸಾಲದು" ಎಂದಾಗ ಭಟ್ಟರು ಉಪ್ಪಿನ ಮರಿಗೆಯ ಕಡೆಗೆ ತಿರುಗಬೇಕು.

ಈ ಹಂಗನ್ನು ತಪ್ಪಿಸಿಕೊಳ್ಳಲು ಒಂದು ಸುಲಭದ ಮಾತಿದೆ. ನನ್ನ ತಂಗಿಯ ಮಗ ಕಟ್ಟುತ್ತಿರುವ ಆಟವೊಂದುಂಟು. ಅದನ್ನಾಡಿದ ಅಪರಿಚಿತನೊಬ್ಬ, ಇಬ್ಬರು ಒಟ್ಟಿಗೆ ಸೇತುವೆ ಹತ್ತಿದರೆ ಒಬ್ಬನು ಮಾಯವಾಗುತ್ತಾನೆಂದು ಎರಡು ಪುಟ ಬರೆದು ಕಳಿಸಿದ್ದ. ಹುಡುಗನಿಗೆ ಸಿಟ್ಟು. "ಮಾವ, ಇದು ಇನ್ನೂ ಡೆಮೊ ತಾನೆ? ಅಷ್ಟೂ ತಿಳಿಯಬಾರದೆ?" ಎಂದ.

"ತಿಳಿದೇ ಬರೆದಿದ್ದಾನೆ. ಪೂರ್ತಿಯಾಗಿದೆ ಎಂದುಕೊಂಡಿದ್ದರೆ ನಕ್ಕು ಎದ್ದುಹೋಗುತ್ತಿದ್ದ. ಇನ್ನೂ ಆಗಬೇಕಾದ್ದೆಂದೇ ಅಲ್ಲವೆ, ರಾತ್ರಿ ನಿದ್ದೆಗೆಟ್ಟು ಎರಡು ಪುಟ ಬರೆದದ್ದು?"

ಅವನು ಉತ್ತರ ಕೊಡದೆ ಒಳಗೆ ಹೋದ. ಸೇತುವೆ ಈಗ ಸರಿಯಾಗಿದೆಯಂತೆ. ನಾನಂತೂ ಪರೀಕ್ಷಿಸಲಾರೆ; ಸೇತುವೆ ಬರುವುದಕ್ಕೆ ಮೊದಲೇ ಒಂದು ಹೊಂಡವಿದೆ, ನನ್ನ ಆಟ ಅಲ್ಲಿಗೇ ಮುಗಿಯುತ್ತದೆ.